ಊರು ಬಿಟ್ಟು ಬಂದ ಆಟಗಾರ

ಆಟವಾಡಿ ಸಂಬಳ ಪಡೆಯುವುದೂ ಒಂದು ಉದ್ಯೋಗವೇ ಎಂದು ನಮ್ಮ ಹಿರಿಯರನ್ನು ಕೇಳಿದ್ದರೆ ಅವರು ನಕ್ಕುಬಿಡುತ್ತಿದ್ದರು. ದುಡಿಮೆ ಎಂದರೆ ಬೆವರು, ಆಟವೆಂದರೆ ಬಿಡುವು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಅವರ ಲೆಕ್ಕಾಚಾರ. ಹೋಟೆಲಿನಲ್ಲಿ ಲೋಟ ತೊಳೆದು, ಗಿರಣಿಯಲ್ಲಿ ರಾತ್ರಿಪಾಳಿ ಮಾಡಿ, ಕಚೇರಿಯ ಮೂಲೆಯಲ್ಲಿ ಟೈಪು ಕುಟ್ಟಿ, ತಿಂಗಳ ಮೊದಲ ವಾರ ತಪ್ಪದೆ ಊರಿಗೆ ಮನಿಯಾರ್ಡರು ಕಳುಹಿಸಿದವರು ಅವರು. ಚೆಂಡಿಗೆ ದಾಂಡು ತಗುಲಿಸಿದ್ದಕ್ಕಾಗಿ ಯಾರಾದರೂ ಹಣ ಕೊಡುತ್ತಾರೆಂದರೆ, ಕೊಡುವವನ ಬುದ್ಧಿಯನ್ನೇ ಅವರು ಸಂದೇಹಿಸುತ್ತಿದ್ದರು. ಇಂದು ಆಟಗಾರರು ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆಗೆ ಹೋಗುವುದನ್ನು ದೂರದರ್ಶನದಲ್ಲಿ ನೋಡುತ್ತ ಬೆಳೆದಿರುವ ನಿಮಗೆ, ವಿದ್ಯಾರ್ಥಿ ಮಿತ್ರರೇ, ಈ ಮಾತು ಹಳೆಯ ಕಾಲದ ಕಥೆಯಂತೆ ತೋರಬಹುದು. ಆದರೆ ಆಟವನ್ನು ಕೈಕಸುಬಾಗಿ ಹಿಡಿದು, ಹೆಂಡತಿಯನ್ನು ಊರಿನಲ್ಲಿ ಬಿಟ್ಟು, ಸಾಲಸೋಲದ ಹಣದಲ್ಲಿ ಪರದೇಶಕ್ಕೆ ಹೋಗಿ, ಒಂದು ಹೊತ್ತಿನ ಸೋಲಿಗೂ ಹೆದರುತ್ತ ಬಾಳಿದ ಆಟಗಾರರೂ ಇದ್ದರು. ಅವರ ಪಾಡು ಕೋಟಿಯ ಹರಾಜಿಗಿಂತ ನಮ್ಮ ಹಿರಿಯರ ಪಾಡಿಗೇ ಹೆಚ್ಚು ಹತ್ತಿರವಾದುದು. ಅಂತಹ ಒಬ್ಬನ ಕುರಿತು ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂಬುದು ನಮ್ಮ ಆಶೆ. ಆತನ ಹೆಸರು ಬೇಸಿಲ್ ಡಾಲಿವೇರಾ.

ಕಥೆಗೆ ಮೊದಲು ಆತನ ಕಸುಬಿನ ಸ್ವರೂಪವನ್ನು ತಿಳಿಯಬೇಕು. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ ಲ್ಯಾಂಕಾಶೈರ್ ಎಂಬ ಪ್ರಾಂತವಿದೆ. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಗೆ ಅದು ಜಗತ್ತಿನಲ್ಲಿಯೇ ಹೆಸರಾಗಿತ್ತು. ನಮ್ಮ ಪರಳ, ಲಾಲಬಾಗಗಳಂತೆ ಅಲ್ಲಿಯೂ ಹೊಗೆಯ ಚಿಮಣಿಗಳ ಕೆಳಗೆ ಊರುಗಳು ಬೆಳೆದಿದ್ದುವು. ಈ ಸಣ್ಣ ಊರುಗಳಲ್ಲಿ ಒಂದೊಂದಕ್ಕೂ ಒಂದು ಕ್ರಿಕೆಟ್ ಸಂಘ. ಸಂಘಗಳೆಲ್ಲ ಸೇರಿ ಲೀಗು. ತಂಡದವರೆಲ್ಲ ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಮಧ್ಯಾಹ್ನ ಆಡಲು ಬರುವವರು, ಅವರಿಗೆ ಸಂಬಳವಿಲ್ಲ. ಆದರೆ ಪ್ರತಿಯೊಂದು ತಂಡವೂ ಒಬ್ಬ ಆಟಗಾರನನ್ನು ಹಣ ಕೊಟ್ಟು ಗೊತ್ತುಮಾಡಿಕೊಳ್ಳುವ ಪದ್ಧತಿಯಿತ್ತು. ಆತನೇ ತಂಡದ ವೃತ್ತಿಯ ಆಟಗಾರ. ಆತ ಬ್ಯಾಟು ಬೀಸಬೇಕು, ಬೌಲಿಂಗು ಮಾಡಬೇಕು, ವಾರದ ಸಂಜೆಗಳಲ್ಲಿ ಹುಡುಗರಿಗೆ ಆಟ ಕಲಿಸಬೇಕು. ಐವತ್ತು ರನ್ನು ಹೊಡೆದ ದಿನ ಪ್ರೇಕ್ಷಕರ ನಡುವೆ ಪೆಟ್ಟಿಗೆ ತಿರುಗುತ್ತಿತ್ತು. ಅದರಲ್ಲಿ ಬಿದ್ದ ಚಿಲ್ಲರೆ ಆತನದು. ಸೋತ ದಿನ ಊರಿನವರ ಮುಖ ಬಿಗಿಯುತ್ತಿತ್ತು. ಹನ್ನೊಂದು ಜನರಲ್ಲಿ ಹತ್ತು ಮಂದಿಯ ತಪ್ಪಿಗೆ ಕ್ಷಮೆಯುಂಟು. ಸಂಬಳದವನ ತಪ್ಪಿಗೆ ಇಲ್ಲ.

ಈ ಕೆಲಸಕ್ಕೆ ಸಮುದ್ರದಾಚೆಯಿಂದ ಹೋದವರು ಅನೇಕರು. ವೆಸ್ಟ್ ಇಂಡೀಸಿನ ಟ್ರಿನಿಡಾಡಿನಿಂದ ಬಂದ ಲಿಯರಿ ಕಾನ್‌ಸ್ಟಂಟೈನ್ 1929ರಲ್ಲಿ ನೆಲ್ಸನ್ ಎಂಬ ಊರಿನ ತಂಡವನ್ನು ಸೇರಿ, ಅಲ್ಲಿಯವನೇ ಆಗಿ ನೆಲೆನಿಂತು, ಮುಂದೆ 1969ರಲ್ಲಿ ಬ್ರಿಟನ್ನಿನ ಲಾರ್ಡ್ಸ್ ಸಭೆಯನ್ನು ಪ್ರವೇಶಿಸಿದ ಮೊದಲ ಕಪ್ಪು ಸದಸ್ಯನಾದನು. ನಮ್ಮ ಅಮರಸಿಂಗ್ ಅವರು ಕೋಲ್ನ್ ಎಂಬ ಊರಿಗೆ ಆಡಿದರು. ವೀನೂ ಮಂಕಡ್ ಅವರು 1952ರಲ್ಲಿ ಹ್ಯಾಸ್ಲಿಂಗ್‌ಡನ್ ಸಂಘದ ಸಂಬಳದ ಆಟಗಾರರಾಗಿದ್ದುದರಿಂದ, ಆ ವರ್ಷ ಇಂಗ್ಲೆಂಡಿಗೆ ಹೋದ ಭಾರತದ ತಂಡದಲ್ಲಿ ಮೊದಲಿಗೆ ಅವರಿಗೆ ಸ್ಥಾನವಿರಲಿಲ್ಲ. ಸಂಘದ ಅನುಮತಿ ಪಡೆದು ಅವರನ್ನು ಕರೆತಂದಾಗ ಲಾರ್ಡ್ಸ್ ಪಂದ್ಯದಲ್ಲಿ 72 ಮತ್ತು 184 ರನ್ನು ಹೊಡೆದು, ಐದು ವಿಕೆಟ್ಟುಗಳನ್ನೂ ಪಡೆದರು. ಕೂಲಿಗೆ ಹೋದ ಮಗನು ಮನೆಯ ಮದುವೆಗೆ ರಜೆ ಪಡೆದು ಬಂದು ಇಡೀ ಚಪ್ಪರವನ್ನು ತಾನೇ ಹೊತ್ತಂತಾಯಿತು.

ಡಾಲಿವೇರಾ ಹುಟ್ಟಿದ್ದು ದಕ್ಷಿಣ ಆಫ್ರಿಕದ ಕೇಪ್ ಟೌನಿನಲ್ಲಿ. ಆ ದೇಶದಲ್ಲಿ ಬಿಳಿಯರದು ಒಂದು ಲೋಕ, ಉಳಿದವರದು ಇನ್ನೊಂದು. 1948ರಲ್ಲಿ ಅಧಿಕಾರಕ್ಕೆ ಬಂದ ಸರಕಾರವು ಈ ಭೇದವನ್ನು ಕಾನೂನಿನ ಕಟ್ಟಾಗಿ ಬಿಗಿಯಿತು. 1950ರ ಕಾಯಿದೆಗಳ ಪ್ರಕಾರ ಪ್ರತಿಯೊಬ್ಬನಿಗೂ ಜನಾಂಗದ ಮುದ್ರೆ. ಯಾರು ಎಲ್ಲಿ ಮನೆ ಮಾಡಬೇಕೆಂಬುದಕ್ಕೂ ಗೆರೆ. ಡಾಲಿವೇರಾ ಬಿಳಿಯನೂ ಅಲ್ಲ, ಆಫ್ರಿಕದ ಮೂಲನಿವಾಸಿಯೂ ಅಲ್ಲ. ಮಿಶ್ರಜನಾಂಗದವನೆಂದು ಸರಕಾರದ ಕಡತ ಹೇಳಿತು. ಬಸ್ಸಿನಲ್ಲಿ ಬೇರೆ ಆಸನ, ಅಂಚೆಕಚೇರಿಯಲ್ಲಿ ಬೇರೆ ಬಾಗಿಲು, ಕಡಲತೀರದಲ್ಲಿ ಬೇರೆ ಮರಳು. ಕ್ರಿಕೆಟ್ಟಿನಲ್ಲಿಯೂ ಹಾಗೆಯೇ. ಬಿಳಿಯರಿಗೆ ಹುಲ್ಲಿನ ಅಂಗಳ. ಇವರಿಗೆ ಕಲ್ಲುಮಣ್ಣಿನ ಬಯಲಿನ ಮೇಲೆ ಹಾಸಿದ ಚಾಪೆ. ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಟೆಸ್ಟ್ ಪಂದ್ಯ ನಡೆದರೆ ಇವರು ಕುಳಿತುಕೊಳ್ಳಲು ಒಂದು ಪ್ರತ್ಯೇಕ ಮೂಲೆ. ಅದಕ್ಕೆ ಜನರಿಟ್ಟ ಹೆಸರು ಪಂಜರ. ಆ ಪಂಜರದಲ್ಲಿ ಕುಳಿತವರು ತಮ್ಮ ದೇಶದ ತಂಡಕ್ಕೆ ಜಯಕಾರ ಹಾಕುತ್ತಿರಲಿಲ್ಲ, ಹೊರಗಿನಿಂದ ಬಂದ ತಂಡಕ್ಕೆ ಹಾಕುತ್ತಿದ್ದರು. ತನ್ನನ್ನು ಒಳಗೆ ಸೇರಿಸದ ಮನೆಯ ಹಬ್ಬಕ್ಕೆ ಯಾರು ತೋರಣ ಕಟ್ಟುತ್ತಾರೆ?

ಇದನ್ನು ಓದುವಾಗ ದಕ್ಷಿಣ ಆಫ್ರಿಕದವರ ಮೇಲೆ ಕೋಪ ಬರುವುದು ಸಹಜ. ಆ ಕೋಪದ ಒಂದು ಪಾಲನ್ನು ನಮ್ಮ ಮನೆಗೂ ಉಳಿಸಿಕೊಳ್ಳುವುದು ನ್ಯಾಯ. ನಮ್ಮ ಧಾರವಾಡದಲ್ಲಿ 1870ರ ದಶಕದಲ್ಲಿ ಹುಟ್ಟಿದ ಪಾಲವಣಕರ ಬಾಳೂ ಎಂಬ ಮಹಾ ಬೌಲರು ಪುಣೆಯಲ್ಲಿ ಮೈದಾನದ ಕೆಲಸಗಾರರಾಗಿ ಸಂಬಳಕ್ಕೆ ಸೇರಿ, ಆಂಗ್ಲ ಅಧಿಕಾರಿಗಳಿಗೆ ಅಭ್ಯಾಸಕ್ಕಾಗಿ ಚೆಂಡೆಸೆಯುತ್ತ ಕಲೆಯನ್ನು ಪಳಗಿಸಿಕೊಂಡರು. ಹಿಂದೂಗಳ ತಂಡಕ್ಕೆ ಅವರ ಕೈಚಳಕ ಬೇಕಾಯಿತು. ಆದರೆ ಅಸ್ಪೃಶ್ಯ ಜಾತಿಯವರೆಂದು ಅವರಿಗೆ ಚಹ ಕೊಟ್ಟುದು ಹೊರಗೆ, ಎಸೆಯುವ ಮಣ್ಣಿನ ಕುಡಿಕೆಯಲ್ಲಿ. ಚೆಂಡು ಅವರ ಕೈಯಿಂದ ಬಂದರೆ ಮೈಲಿಗೆಯಿಲ್ಲ, ಲೋಟಕ್ಕೆ ಮಾತ್ರ ಮೈಲಿಗೆ! ಆ ಬಾಳೂ ಅವರೇ 1911ರಲ್ಲಿ ಇಂಗ್ಲೆಂಡಿಗೆ ಹೋದ ಭಾರತೀಯ ತಂಡದಲ್ಲಿ ನೂರಕ್ಕೂ ಮೀರಿ ವಿಕೆಟ್ಟುಗಳನ್ನು ಪಡೆದರು. ಅವರ ತಮ್ಮ ವಿಠ್ಠಲರು ಮುಂದೆ ಹಿಂದೂಗಳ ತಂಡದ ನಾಯಕರಾದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟ ಆಟಗಾರರ ಸಾಲಿನಲ್ಲಿ ಧಾರವಾಡದಲ್ಲಿ ಹುಟ್ಟಿದ ಈ ಹಿರಿಯರಿಗೆ ಮೊದಲ ಪೀಠ ಸಲ್ಲಬೇಕು.

ಡಾಲಿವೇರಾ ತನ್ನ ಜನರ ನಡುವೆ ಆಗಲೇ ದೊಡ್ಡ ಹೆಸರು ಗಳಿಸಿದ್ದನು. 1958ರಲ್ಲಿ ಬಿಳಿಯರಲ್ಲದವರ ತಂಡವನ್ನು ನಾಯಕನಾಗಿ ಪೂರ್ವ ಆಫ್ರಿಕಕ್ಕೆ ಕರೆದೊಯ್ದಿದ್ದನು. ಅದಕ್ಕಿಂತ ಮೇಲೆ ಏರಲು ಅಲ್ಲಿ ಏಣಿಯೇ ಇರಲಿಲ್ಲ. ಆಗ ಆತ ಒಂದು ಪತ್ರ ಬರೆದನು. ಹಸಿರು ಶಾಯಿಯಲ್ಲಿ ಬರೆದ ಆ ಪತ್ರವು ಜಾನ್ ಆರ್ಲಟ್ ಎಂಬ ಆಂಗ್ಲ ಲೇಖಕ ಹಾಗೂ ವೀಕ್ಷಕವಿವರಣೆಗಾರರಿಗೆ ಹೋಯಿತು. ಇಬ್ಬರಿಗೂ ಮುಖಪರಿಚಯವಿಲ್ಲ, ರೇಡಿಯೋದಲ್ಲಿ ಕೇಳಿದ ದನಿಯಷ್ಟೇ ನಂಟು. ಇಂಗ್ಲೆಂಡಿನಲ್ಲಿ ತನಗೆ ಎಲ್ಲಿಯಾದರೂ ಆಟದ ಕೆಲಸ ದೊರೆಯಬಹುದೇ ಎಂಬುದು ಆ ಪತ್ರದ ಪ್ರಶ್ನೆ. ಆರ್ಲಟ್ ಅದನ್ನು ಬುಟ್ಟಿಗೆ ಎಸೆಯಲಿಲ್ಲ. ಮ್ಯಾಂಚೆಸ್ಟರಿನ ಪತ್ರಕರ್ತ ಜಾನ್ ಕೇ ಅವರಿಗೆ ಹೇಳಿದರು. ಅವರು ಸಂಘಗಳ ಬಾಗಿಲು ತಟ್ಟಿದರು. ಎಷ್ಟೋ ಕಾಲ ಯಾರೂ ಒಪ್ಪಲಿಲ್ಲ. ಚಾಪೆಯ ಮೇಲೆ ಹೊಡೆದ ಶತಕಗಳನ್ನು ಯಾವ ಅಂಕಿಅಂಶದ ಪುಸ್ತಕವೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೊನೆಗೆ ಮಿಡ್ಲ್‌ಟನ್ ಎಂಬ ಊರಿನ ಸಂಘಕ್ಕೆ 1960ರ ಋತುವಿಗಾಗಿ ಗೊತ್ತುಮಾಡಿದ್ದ ಆಟಗಾರ ತಪ್ಪಿಸಿಕೊಂಡನು. ಆ ಖಾಲಿ ಜಾಗಕ್ಕೆ ಡಾಲಿವೇರಾನಿಗೆ ಕರೆ ಬಂದಿತು. ಇಡೀ ಋತುವಿನ ಸಂಬಳ 450 ಪೌಂಡು. ಹೋಗಿಬರುವ ಪ್ರಯಾಣದ ಖರ್ಚು, ಊಟವಸತಿ ಎಲ್ಲವೂ ಅದರಲ್ಲಿಯೇ.

ನಮ್ಮ ಶಾಲೆಯಲ್ಲಿ ಪತ್ರಲೇಖನಕ್ಕೆ ಐದು ಅಂಕಗಳಿದ್ದುವು. 'ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ' ಎಂದು ಆರಂಭಿಸಿ, ರಜೆಯಲ್ಲಿ ಊರಿಗೆ ಬರುವುದಾಗಿ ತಿಳಿಸಿ ಮುಗಿಸಿದರೆ ನಾಲ್ಕು ಅಂಕ ಖಂಡಿತ. ಬಲಗಡೆಯ ಮೂಲೆಯಲ್ಲಿ ತಾರೀಖು ಬರೆಯಲು ಮರೆತವನಿಗೆ ಮೂರು. ಒಂದು ಪತ್ರದಿಂದ ಮನುಷ್ಯನ ಜೀವನದ ದಾರಿ ತಿರುಗಬಹುದೆಂಬುದನ್ನು ಆಗ ನಾವು ಅರಿತಿರಲಿಲ್ಲ. ಅರಿಯಬಹುದಾಗಿತ್ತು, ಏಕೆಂದರೆ ನಮ್ಮ ತಂದೆಯವರು ಈ ನಗರಕ್ಕೆ ಬಂದುದೂ ಒಂದು ಪತ್ರದಿಂದಲೇ. 'ಇಲ್ಲಿ ಒಂದು ಜಾಗ ಖಾಲಿ ಇದೆ, ಕೂಡಲೇ ಹೊರಟು ಬಾ' ಎಂದು ಊರಿನವರೊಬ್ಬರು ಬರೆದ ಕಾರ್ಡನ್ನು ಅವರು ಕೊನೆಯವರೆಗೂ ಟ್ರಂಕಿನ ತಳದಲ್ಲಿ ಇಟ್ಟುಕೊಂಡಿದ್ದರು.

ಮಿಡ್ಲ್‌ಟನ್ನಿನ ಕರೆ ಬಂದಿತಾದರೂ ವಿಮಾನದ ಹಣ ಡಾಲಿವೇರಾನ ಕೈಯಲ್ಲಿರಲಿಲ್ಲ. ಕೇಪ್ ಟೌನಿನ ಆತನ ಜನ, ಬಹುಮಟ್ಟಿಗೆ ಬಡವರೇ, ಸಹಾಯಾರ್ಥ ಪಂದ್ಯಗಳನ್ನು ಆಡಿಸಿ, ಮನೆಮನೆಯಿಂದ ಕಾಸು ಕೂಡಿಸಿ ಹಣ ಒಟ್ಟುಮಾಡಿದರು. ಗರ್ಭಿಣಿಯಾಗಿದ್ದ ಹೆಂಡತಿ ನವೋಮಿಯನ್ನು ಊರಿನಲ್ಲಿ ಬಿಟ್ಟು ಆತ ಹೊರಟನು. ಆಗತಾನೇ, 1960ರ ಮಾರ್ಚ್ 21ರಂದು, ಶಾರ್ಪ್‌ವಿಲ್ ಎಂಬಲ್ಲಿ ಪೊಲೀಸರು ನಿರಾಯುಧ ಜನರ ಮೇಲೆ ಗುಂಡು ಹಾರಿಸಿ 69 ಮಂದಿಯನ್ನು ಕೊಂದಿದ್ದರು. ದೇಶ ಉರಿಯುತ್ತಿದ್ದಾಗ, ಊರಿನ ಕಾಸನ್ನು ಜೇಬಿನಲ್ಲಿಟ್ಟು, ಆಡಲು ಹೊರಟವನ ಎದೆಯ ಭಾರವನ್ನು ನಾವು ಊಹಿಸಿಕೊಳ್ಳಬೇಕು. ಸೋತು ಹಿಂದಿರುಗಿದರೆ ಸೋಲುವುದು ಒಬ್ಬನಲ್ಲ. ಕಾಸು ಕೊಟ್ಟ ಪ್ರತಿಯೊಂದು ಮನೆಯೂ ಸೋಲುತ್ತದೆ.

ಇಂಗ್ಲೆಂಡಿಗೆ ಬಂದಿಳಿದ ಆತ ಮೊದಲು ಹುಡುಕಿದುದು ತನಗಾಗಿ ಇರಬೇಕಾದ ಬೇರೆ ಬಾಗಿಲನ್ನು! ರೈಲಿನಲ್ಲಿ ಎಲ್ಲಿ ಕುಳಿತರೂ ಯಾರೂ ಎಬ್ಬಿಸುವುದಿಲ್ಲ, ಉಪಾಹಾರಗೃಹದಲ್ಲಿ ಬಿಳಿಯರೇ ತಟ್ಟೆ ತಂದಿಡುತ್ತಾರೆ ಎಂಬುದನ್ನು ನಂಬಲು ಆತನಿಗೆ ದಿನಗಳು ಹಿಡಿದುವು. ಬಂಧನವು ಕಾಲಿನಿಂದ ಬಿಟ್ಟ ಮೇಲೂ ಮನಸ್ಸಿನಿಂದ ಬಿಡಲು ಸಮಯ ಬೇಕು. ಹಳ್ಳಿಯಿಂದ ಈ ನಗರಕ್ಕೆ ಬಂದ ನಮ್ಮವರಲ್ಲಿ ಕೆಲವರು, ಹೋಟೆಲಿನ ಒಳಗೆ ಮೇಜಿನ ಮುಂದೆ ಕುಳಿತು ಎಲ್ಲರ ಲೋಟದಲ್ಲಿಯೇ ಚಹ ಕುಡಿದ ಮೊದಲ ದಿನವನ್ನು ಇಳಿವಯಸ್ಸಿನಲ್ಲಿ ನೆನೆದು ಹೇಳುತ್ತಿದ್ದುದನ್ನು ನಾವು ಕೇಳಿದ್ದೇವೆ. ಲೋಟದ ಮಾತು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ಸಂಬಳದ ಮಾತನ್ನು ಅವರು ಅಷ್ಟಾಗಿ ಹೇಳುತ್ತಿರಲಿಲ್ಲ.

ಆಟವು ಮೊದಲಲ್ಲಿ ಕೈಗೂಡಲಿಲ್ಲ. ಚಾಪೆಯ ಮೇಲೆ ಎದ್ದು ಬರುವ ಚೆಂಡಿಗೆ ಹೊಂದಿಕೊಂಡ ಕಣ್ಣಿಗೆ, ತೇವದ ಹುಲ್ಲಿನ ಮೇಲೆ ತಡೆದು ತಡೆದು ಬರುವ ಚೆಂಡು ಅಪರಿಚಿತ. ಮೈ ಕೊರೆಯುವ ಚಳಿ ಬೇರೆ. ಮೊದಲ ಐದು ಸರದಿಗಳಲ್ಲಿ ಆತ ಗಳಿಸಿದುದು ಒಟ್ಟು 25 ರನ್ನು. ಸಂಬಳದ ಆಟಗಾರನಿಗೆ ಇದು ಮರಣಶಾಸನವೇ ಸರಿ. ಆದರೆ ಆತ ತಂಡದವರನ್ನು ನಾಚಿಕೆಯಿಲ್ಲದೆ ಕೇಳಿ ಕಲಿತನು. ಚೆಂಡು ಬರುವವರೆಗೆ ಕಾಯುವುದನ್ನು, ತಡವಾಗಿ ಆಡುವುದನ್ನು ಅಭ್ಯಾಸ ಮಾಡಿದನು. ಋತು ಮುಗಿಯುವಾಗ ಆತನ ಹೆಸರಿನಲ್ಲಿ 930 ರನ್ನು, 71 ವಿಕೆಟ್ಟು. ಅದೇ ಲೀಗಿನಲ್ಲಿ ಆ ವರ್ಷ ರ್ಯಾಡ್‌ಕ್ಲಿಫ್ ತಂಡಕ್ಕೆ ಆಡುತ್ತಿದ್ದಾತ ಗಾರ್‌ಫೀಲ್ಡ್ ಸೋಬರ್ಸ್. ಬ್ಯಾಟಿಂಗ್ ಸರಾಸರಿಯಲ್ಲಿ ಡಾಲಿವೇರಾ ಸೋಬರ್ಸನಿಗಿಂತ ಮೇಲೆ ನಿಂತನು. ಕೇಪ್ ಟೌನಿಗೆ ಹಿಂದಿರುಗಿದಾಗ ಜನ ಬೀದಿಗಿಳಿದು ಎದುರುಗೊಂಡರು. ಮಗನ ಮುಖ ನೋಡಿ, ಮರುವರ್ಷ ಹೆಂಡತಿ ಮಗುವಿನೊಡನೆ ಆತ ಇಂಗ್ಲೆಂಡಿಗೆ ಮರಳಿದನು. ಅಲ್ಲಿಂದ ಮುಂದೆ ಅದೇ ಆತನ ಮನೆ.

ಸಣ್ಣ ಊರಿನ ಲೀಗಿನಿಂದ ಕೌಂಟಿಗೆ ಏರುವುದು ಇನ್ನೊಂದು ಬೆಟ್ಟ. ಆತ 1964ರಲ್ಲಿ ವೂಸ್ಟರ್‌ಶೈರ್ ಕೌಂಟಿಯನ್ನು ಸೇರಿದನು. ನಿವಾಸದ ನಿಯಮವು ಪೂರ್ತಿಯಾದ ಮೇಲೆ 1965ರಿಂದ ಛಾಂಪಿಯನ್‌ಷಿಪ್ ಪಂದ್ಯಗಳಲ್ಲಿ ಆಡಿದನು. ಆ ವರ್ಷ ಕೌಂಟಿಯು ಪ್ರಶಸ್ತಿಯನ್ನು ಉಳಿಸಿಕೊಂಡಿತು. ಬ್ರಿಟಿಷ್ ಪ್ರಜೆಯಾಗಿದ್ದ ಆತನಿಗೆ 1966ರ ಜೂನಿನಲ್ಲಿ ಲಾರ್ಡ್ಸ್ ಮೈದಾನದಲ್ಲಿ ವೆಸ್ಟ್ ಇಂಡೀಸಿನ ವಿರುದ್ಧ ಇಂಗ್ಲೆಂಡಿನ ಟೊಪ್ಪಿಗೆ ದೊರೆಯಿತು. ಚಾಪೆಯ ಬಯಲಿನಿಂದ ಲಾರ್ಡ್ಸಿನವರೆಗೆ ಆರು ವರ್ಷ. ಮೊದಲ ಶತಕ ಬಂದುದು 1967ರಲ್ಲಿ ಲೀಡ್ಸಿನಲ್ಲಿ, ನಮ್ಮ ತಂಡದ ವಿರುದ್ಧ. ಇಂಗ್ಲೆಂಡು 4 ವಿಕೆಟ್ಟಿಗೆ 550 ರನ್ನು ಮಾಡಿದ ಆ ಸರದಿಯಲ್ಲಿ ಬಾಯ್‌ಕಾಟ್ 246, ಡಾಲಿವೇರಾ 109. ಚೆಂಡೆಸೆದವರಲ್ಲಿ ಅಂದಿನ ಮೈಸೂರು ರಾಜ್ಯದ ಚಂದ್ರಶೇಖರ್, ಪ್ರಸನ್ನ ಇಬ್ಬರೂ ಇದ್ದರು. ಕನ್ನಡಿಗರ ಬೆರಳುಗಳನ್ನು ಎದುರಿಸಿಯೇ ಆತ ತನ್ನ ಮೊದಲ ನೂರನ್ನು ಸಂಪಾದಿಸಿದನೆಂದು ಹೇಳಿಕೊಳ್ಳಲು ನಮಗೆ ಸಂಕೋಚವಿಲ್ಲ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಹುಟ್ಟಿದ ನೆಲ ಒಂದು, ಟೊಪ್ಪಿಗೆ ಇನ್ನೊಂದು ನೆಲದ್ದು, ಆತನು ಯಾರವನು? ಈ ಪ್ರಶ್ನೆ ನಮಗೂ ಹೊಸದಲ್ಲ. 1974ರಲ್ಲಿ ರಣಜಿ ಟ್ರೋಫಿಯ ಉಪಾಂತ್ಯ ಪಂದ್ಯದಲ್ಲಿ ಕರ್ನಾಟಕವೂ ಮುಂಬಯಿಯೂ ಬೆಂಗಳೂರಿನಲ್ಲಿ ಎದುರಾದಾಗ ನಮ್ಮ ಚಾಳಿನ ಪಡಸಾಲೆ ಎರಡು ಪಾಲಾಯಿತು. ಹದಿನೈದು ವರ್ಷ ಸತತವಾಗಿ ಗೆದ್ದಿದ್ದ ಮುಂಬಯಿ; ಹೆಸರು ಬದಲಾಗಿ ಕೆಲವೇ ತಿಂಗಳಾಗಿದ್ದ ಕರ್ನಾಟಕ. ವಿಶ್ವನಾಥ್, ಬ್ರಿಜೇಶ್ ಪಟೇಲ್ ಇಬ್ಬರೂ ಶತಕ ಹೊಡೆದರು. ಪ್ರಸನ್ನರು ಗಾವಸ್ಕರರ ವಿಕೆಟ್ಟನ್ನು ಉರುಳಿಸಿದರು. ಮೊದಲ ಸರದಿಯ ಮುನ್ನಡೆಯಿಂದ ಕರ್ನಾಟಕ ಗೆದ್ದಿತು. ಊರಿನಿಂದ ಬಂದ ಹಿರಿಯರು ಬೆಲ್ಲ ಹಂಚಿದರು. ಇಲ್ಲಿಯೇ ಹುಟ್ಟಿದ ಹುಡುಗರಲ್ಲಿ ಕೆಲವರು ಬೆಲ್ಲ ತಿಂದರೂ ಮುಖ ಊದಿಸಿಕೊಂಡೇ ಇದ್ದರು, ಏಕೆಂದರೆ ಅವರ ಗಲ್ಲಿಯ ದೇವರು ಗಾವಸ್ಕರರು. 'ಈ ನಗರದ ಅನ್ನ ತಿಂದು ಕರ್ನಾಟಕಕ್ಕೆ ಚಪ್ಪಾಳೆಯೇ?' ಎಂದು ನೆರೆಮನೆಯ ಮರಾಠಿ ಕಾಕಾ ನಗುತ್ತ ಕೇಳಿದರು. ನಗೆಯಿದ್ದರೂ ಪ್ರಶ್ನೆ ಪ್ರಶ್ನೆಯೇ. ಮೈಸೂರಿನಲ್ಲಿ 2010ರಲ್ಲಿ ನಡೆದ ಅಂತಿಮ ಪಂದ್ಯವನ್ನು ಮುಂಬಯಿ ಬರೇ ಆರು ರನ್ನುಗಳಿಂದ ಗೆದ್ದಾಗ ಮನೆಯಲ್ಲಿ ಯಾರಿಗೆ ಸಮಾಧಾನ ಹೇಳಬೇಕು, ಯಾರಿಗೆ ಅಭಿನಂದನೆ ಹೇಳಬೇಕೆಂದು ತಿಳಿಯಲಿಲ್ಲ. ಇದೆಲ್ಲದರ ನಡುವೆ, ಕರ್ನಾಟಕಕ್ಕೆ ಶತಕ ಹೊಡೆದ ಬ್ರಿಜೇಶ್ ಪಟೇಲರು ಹುಟ್ಟಿದ್ದು ಬರೋಡೆಯಲ್ಲಿ. ನಮ್ಮ ವಿಶ್ವನಾಥರು ಕೈಹಿಡಿದುದು ಗಾವಸ್ಕರರ ಸೋದರಿಯನ್ನು! ಮನುಷ್ಯರ ಬೇರುಗಳು ನಕ್ಷೆಯ ಗೆರೆಗಳನ್ನು ಕೇಳಿಕೊಂಡು ಹರಡುವುದಿಲ್ಲ.

ಡಾಲಿವೇರಾನಿಗೆ ಈ ಪ್ರಶ್ನೆ ನಗೆಯ ರೂಪದಲ್ಲಿ ಬರಲಿಲ್ಲ. 1968-69ರ ಚಳಿಗಾಲದಲ್ಲಿ ಇಂಗ್ಲೆಂಡಿನ ತಂಡವು ದಕ್ಷಿಣ ಆಫ್ರಿಕಕ್ಕೆ ಹೋಗಬೇಕಾಗಿತ್ತು. ಆತ ಆ ತಂಡದಲ್ಲಿದ್ದರೆ ಅಲ್ಲಿಯ ಸರಕಾರಕ್ಕೆ ಇಕ್ಕಟ್ಟು. ಆ ಬೇಸಗೆಯಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟಿನಲ್ಲಿ ಔಟಾಗದೆ 87 ರನ್ನು ಹೊಡೆದರೂ ಆತನನ್ನು ಮುಂದಿನ ಪಂದ್ಯಕ್ಕೆ ಕೈಬಿಟ್ಟರು. ಇದೇ ಸಮಯದಲ್ಲಿ ತಂಬಾಕಿನ ಉದ್ಯಮಕ್ಕೆ ಸೇರಿದ ದಕ್ಷಿಣ ಆಫ್ರಿಕದ ಒಬ್ಬಾತನಿಂದ ಒಂದು ಕೊಡುಗೆ ಬಂದಿತು: ತಾನು ಪ್ರವಾಸಕ್ಕೆ ಬರಲಾರೆನೆಂದು ಆತನೇ ಮುಂಚಿತವಾಗಿ ಹೇಳಿಬಿಟ್ಟರೆ, ದಕ್ಷಿಣ ಆಫ್ರಿಕದಲ್ಲಿ ತನ್ನ ಜನರಿಗೆ ಆಟ ಕಲಿಸುವ ಕೆಲಸ, ವರ್ಷಕ್ಕೆ 4000 ಪೌಂಡು ಸಂಬಳ. ವಿದ್ಯಾರ್ಥಿಗಳೇ, 450 ಪೌಂಡಿಗೆ ಹೆಂಡತಿಯನ್ನು ಬಿಟ್ಟು ಬಂದವನ ಮುಂದೆ ಇಟ್ಟ ಮೊತ್ತವಿದು. ಆತ ಮಧ್ಯವಯಸ್ಸು ಸಮೀಪಿಸಿದ್ದ, ಆಟದ ಹೊರತು ಬೇರೆ ಆಸ್ತಿಯಿಲ್ಲದ ವೃತ್ತಿಯವನು. ಕೊಡುಗೆಯನ್ನು ಕೇಳಿದ ಕ್ಷಣವೇ ಆತ ಎದ್ದು ನಿಂತು ಭಾಷಣ ಮಾಡಲಿಲ್ಲ. ಯೋಚಿಸಿದನು, ಹಿತೈಷಿಗಳನ್ನು ಕೇಳಿದನು, ಕೊನೆಗೆ ಒಪ್ಪಿಕೊಳ್ಳಲಿಲ್ಲ.

ಮುಂದಿನದು ಕಟ್ಟುಕಥೆಯನ್ನು ಮೀರಿಸುವಂತಿದೆ. ಸರಣಿಯ ಕೊನೆಯ ಪಂದ್ಯ ಓವಲ್ ಮೈದಾನದಲ್ಲಿ. ಆಡಬೇಕಾಗಿದ್ದ ರೋಜರ್ ಪ್ರಿಡೋ ಅಸ್ವಸ್ಥನಾಗಿ ಹಿಂದೆ ಸರಿದುದರಿಂದ ಡಾಲಿವೇರಾನಿಗೆ ಕರೆ ಬಂದಿತು. ಮೂವತ್ತೊಂದು ರನ್ನು ಮಾಡಿದ್ದಾಗ ಆತನ ಒಂದು ಕ್ಯಾಚು ಕೈತಪ್ಪಿತು. ಆಮೇಲೆ ಆತ ಹಿಂದಿರುಗಿ ನೋಡಲಿಲ್ಲ, 158 ರನ್ನು. ಕೊನೆಯ ದಿನ ಮಳೆ ಸುರಿದು ಮೈದಾನ ಕೆರೆಯಾದಾಗ ಪ್ರೇಕ್ಷಕರೇ ಇಳಿದು ನೀರು ಒರೆಸಲು ನೆರವಾದರು. ಗೆಲುವು ಕೈಜಾರುತ್ತಿದ್ದಾಗ ಅಂಟಿಕೊಂಡಿದ್ದ ಜೊತೆಯಾಟವನ್ನು ಮುರಿದುದೂ ಡಾಲಿವೇರಾನ ಚೆಂಡೇ. ಉಳಿದುದನ್ನು ಅಂಡರ್‌ವುಡ್ ಪೂರೈಸಿದನು. ಇಷ್ಟಾದ ಮೇಲೆ ಆತನನ್ನು ಬಿಡುವರೇ ಎಂದು ಎಲ್ಲರೂ ಕೇಳಿದರು. ಬಿಟ್ಟರು! ಆಗಸ್ಟ್ 28ರಂದು ಪ್ರಕಟವಾದ ಪಟ್ಟಿಯಲ್ಲಿ ಆತನ ಹೆಸರಿರಲಿಲ್ಲ. ಆಟದ ಯೋಗ್ಯತೆಯನ್ನು ಮಾತ್ರ ನೋಡಿದೆವೆಂದು ಆಯ್ಕೆಗಾರರು ಹೇಳಿದರು. ಆಡಿದವನು ವೂಸ್ಟರಿನಲ್ಲಿ ರೇಡಿಯೋದ ಮುಂದೆ ಕುಳಿತು ಪಟ್ಟಿ ಕೇಳಿ ಕಣ್ಣೀರು ಹಾಕಿದನು.

ಆದರೆ ಜನ ಸುಮ್ಮನಿರಲಿಲ್ಲ. ಪತ್ರಿಕೆಗಳು ಕೇಳಿದುವು, ಕ್ರಿಕೆಟ್ ಸಂಸ್ಥೆಯ ಕೆಲವು ಸದಸ್ಯರು ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 16ರಂದು ತಂಡದಲ್ಲಿದ್ದ ಟಾಮ್ ಕಾರ್ಟ್‌ರೈಟ್ ಭುಜದ ನೋವಿನಿಂದ ಹೊರಗುಳಿದಾಗ ಆ ಸ್ಥಾನವನ್ನು ಡಾಲಿವೇರಾನಿಗೆ ಕೊಟ್ಟರು. ಮರುದಿನವೇ ದಕ್ಷಿಣ ಆಫ್ರಿಕದ ಪ್ರಧಾನಿ ವೋರ್‌ಸ್ಟರ್, ಇದು ಆಟದ ತಂಡವಲ್ಲ, ತಮ್ಮ ನೀತಿಯ ವಿರೋಧಿಗಳ ತಂಡ, ಇದನ್ನು ಬರಗೊಡುವುದಿಲ್ಲ ಎಂದು ಸಾರಿದನು. 24ರಂದು ಪ್ರವಾಸವು ರದ್ದಾಯಿತು. 1970ರಲ್ಲಿ ದಕ್ಷಿಣ ಆಫ್ರಿಕದ ತಂಡ ಇಂಗ್ಲೆಂಡಿಗೆ ಬರುವುದೂ ನಿಂತಿತು. ಆಮೇಲೆ ಇಪ್ಪತ್ತೆರಡು ವರ್ಷ ಆ ದೇಶಕ್ಕೆ ಟೆಸ್ಟ್ ಪಂದ್ಯವಿಲ್ಲ. 1974ರಲ್ಲಿ ನಮ್ಮ ದೇಶವು ಇದೇ ಕಾರಣಕ್ಕಾಗಿ ಡೇವಿಸ್ ಕಪ್ ಟೆನಿಸ್ಸಿನ ಅಂತಿಮ ಪಂದ್ಯವನ್ನೇ ಆಡದೆ ಬಿಟ್ಟುಕೊಟ್ಟಿತು. ವರ್ಣಭೇದದ ಕಾನೂನುಗಳು ಸಡಿಲಗೊಂಡ ಮೇಲೆ ದಕ್ಷಿಣ ಆಫ್ರಿಕದ ತಂಡವು ಅಂತರರಾಷ್ಟ್ರೀಯ ಆಟಕ್ಕೆ ಮರಳಿದುದು 1991ರ ನವೆಂಬರ್ 10ರಂದು, ನಮ್ಮ ಕಲಕತ್ತೆಯ ಈಡನ್ ಗಾರ್ಡನ್ಸಿನಲ್ಲಿ.

ಡಾಲಿವೇರಾ ಧ್ವಜ ಹಿಡಿದವನಲ್ಲ. ಆತ ಬಯಸಿದುದು ಆಡುವುದನ್ನು ಮಾತ್ರ. ಆಡಗೊಡದವರು ಆತನನ್ನು ಚರಿತ್ರೆಯ ಪುಟಕ್ಕೆ ತಳ್ಳಿದರು. ಆತ 1972ರವರೆಗೆ 44 ಟೆಸ್ಟ್ ಪಂದ್ಯಗಳನ್ನು ಆಡಿ, 2484 ರನ್ನು, ಐದು ಶತಕ, 47 ವಿಕೆಟ್ಟುಗಳನ್ನು ಗಳಿಸಿದನು. ಸರಾಸರಿ ನಲವತ್ತಕ್ಕಿಂತ ಮೇಲೆ. ಮುಂದೆ ಅದೇ ಕೌಂಟಿಗೆ ತರಬೇತುಗಾರನಾದನು. 1988, 1989ರಲ್ಲಿ ವೂಸ್ಟರ್‌ಶೈರ್ ಮತ್ತೆ ಛಾಂಪಿಯನ್ ಆಯಿತು. ಮಗ ಡೇಮಿಯನ್, ಮೊಮ್ಮಗ ಬ್ರೆಟ್ ಇಬ್ಬರೂ ಅದೇ ಕೌಂಟಿಗೆ ಆಡಿದರು.

ಆತನ ವಯಸ್ಸಿನ ಕುರಿತು ಒಂದು ಮಾತು ಹೇಳದಿದ್ದರೆ ಕಥೆ ಪೂರ್ತಿಯಾಗದು. ಇಂಗ್ಲೆಂಡಿಗೆ ಬಂದಾಗ ಆತ ತನ್ನ ವಯಸ್ಸನ್ನು ಕೆಲವು ವರ್ಷ ಕಡಿಮೆಯಾಗಿ ಹೇಳಿದ್ದನೆಂಬುದನ್ನು ಮುಂದೆ ತಾನೇ ಒಪ್ಪಿಕೊಂಡನು. ಪುಸ್ತಕಗಳಲ್ಲಿರುವ 1931ರ ಹುಟ್ಟನ್ನೇ ಹಿಡಿದರೂ ಮೊದಲ ಟೆಸ್ಟಿನಲ್ಲಿ ಮೂವತ್ತನಾಲ್ಕು. ನಿಜವನ್ನು ಹೇಳಿದ್ದರೆ ಯಾವ ಆಯ್ಕೆಗಾರನು ಕರೆಯುತ್ತಿದ್ದನು? ಆತನ ಒಳ್ಳೆಯ ವರ್ಷಗಳನ್ನು ಕಾನೂನು ಕಸಿದುಕೊಂಡಿತ್ತು. ಆತ ಕೆಲವನ್ನು ಕದ್ದು ಮರಳಿ ಪಡೆದನು. ಈ ವಿಷಯದಲ್ಲಿ ತೀರ್ಪು ಕೊಡಲು ನಮಗೆ ಧೈರ್ಯ ಸಾಲದು. ಏಕೆಂದರೆ ನಮ್ಮ ತಲೆಮಾರಿನಲ್ಲಿ ಅರ್ಧ ತರಗತಿ ಹುಟ್ಟಿದ್ದು ಜೂನ್ ಒಂದನೆಯ ತಾರೀಖಿನಂದು! ಶಾಲೆಗೆ ಸೇರಿಸಲು ಬಂದ ತಂದೆಯಂದಿರಿಗೂ, ದಾಖಲೆ ಬರೆದ ಮಾಸ್ತರರಿಗೂ ಆ ದಿನವೇ ಅನುಕೂಲವಾಗಿತ್ತು.

ಡಾಲಿವೇರಾ ತೀರಿಕೊಂಡದ್ದು 2011ರ ನವೆಂಬರಿನಲ್ಲಿ. ಅದಕ್ಕೆ ಮೊದಲೇ, 2004-05ರ ಸರಣಿಯಿಂದ, ಇಂಗ್ಲೆಂಡು ಮತ್ತು ದಕ್ಷಿಣ ಆಫ್ರಿಕಗಳು ಒಂದನ್ನೊಂದು ಎದುರಿಸಿ ಆಡುವ ಟೆಸ್ಟ್ ಸರಣಿಯ ಬಟ್ಟಲಿಗೆ ಆತನ ಹೆಸರನ್ನೇ ಇಟ್ಟರು. ಹೊರಗೆ ಹಾಕಿದ ನಾಡೂ ಒಳಗೆ ಕರೆದುಕೊಂಡ ನಾಡೂ ಆ ಹೆಸರಿಗಾಗಿ ಸೆಣಸುತ್ತವೆ. ಆತ ಯಾರವನು ಎಂಬ ಪ್ರಶ್ನೆಗೆ ಇದಕ್ಕಿಂತ ಸರಿಯಾದ ಉತ್ತರವನ್ನು ಯಾವ ನ್ಯಾಯಾಲಯವೂ ಕೊಡಲಾರದು.

ಕನ್ನಡ ಮಾಧ್ಯಮದ ಶಾಲೆಯಲ್ಲಿ ಓದಿ ಈ ನಗರದಲ್ಲಿ ಬಾಳಬೇಕಾದ ನಿಮ್ಮನ್ನೂ ಜನ ಎರಡು ಕಡೆಯಿಂದ ಕೇಳುತ್ತಾರೆ. ರಜೆಯಲ್ಲಿ ಊರಿಗೆ ಹೋದರೆ ನೀವು ಮುಂಬಯಿಯವರು. ಇಲ್ಲಿ ಗಲ್ಲಿಗೆ ಬಂದರೆ ಮದ್ರಾಸಿಗಳು! ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕೆಂಬ ಗಡಿಬಿಡಿ ಬೇಡ. ಕೇಪ್ ಟೌನಿನವನಾಗಿದ್ದೇ ಆತ ಇಂಗ್ಲೆಂಡಿಗೆ ಪ್ರಾಮಾಣಿಕವಾಗಿ ಆಡಿದನು; ಹೆಚ್ಚಿನ ಹಣ ಎದುರಿಗೆ ಬಂದಾಗ, ಊರಿನವರು ಕೂಡಿಸಿ ಕೊಟ್ಟ ಕಾಸಿಗೆ ಎರವಾಗಲಿಲ್ಲ. ನಮ್ಮನ್ನು ಇಲ್ಲಿಗೆ ಕಳುಹಿಸಿದ ಕಾಸು ಎಲ್ಲಿಂದ ಬಂದಿತೆಂಬುದನ್ನು ನಾವೂ ಒಮ್ಮೆ ವಿಚಾರಿಸಬೇಕು. ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ, ಮೊದಲು ಈ ನಗರಕ್ಕೆ ಬಂದವರಿಗೆ ಗಾಡಿಯ ಖರ್ಚು ಕೊಟ್ಟವರು ಯಾರು ಎಂದು ಈ ವಾರವೇ ಕೇಳಿ. ಉತ್ತರವನ್ನು ಒಂದು ಪುಟದಲ್ಲಿ ಬರೆದಿಡಿ. ಮೇಲೆ ಬಲಗಡೆಯ ಮೂಲೆಯಲ್ಲಿ ತಾರೀಖು ಬರೆಯಲು ಮರೆಯಬೇಡಿ.